ಹತ್ತರಿಂದ ಹನ್ನೆರಡರ ಪಾಳಿ

ಎಲ್ಲ ಶುರುವಾದದ್ದು ಎರಡು ಇಂಚಿನಿಂದ. ಆಸ್ಪತ್ರೆಯ ಗಾಲಿಕುರ್ಚಿಯ ಅಗಲ ಮೂವತ್ತು ಇಂಚು, ಮನೆಯ ಮುಂಬಾಗಿಲು ಇಪ್ಪತ್ತೆಂಟು. ಕುರ್ಚಿಯ ಅಳತೆಯನ್ನು ಟೈಲರ್ ಹಿಂದಿನ ಸಂಜೆ ತಾನೇ ತೆಗೆದು, ಅಳತೆ ಪುಸ್ತಕದಲ್ಲಿ ಯಾರದೋ ಕೋಟಿಗೂ ಇನ್ಯಾರದೋ ಪ್ಯಾಂಟಿಗೂ ನಡುವೆ ಬರೆದುಕೊಂಡು ಬಂದಿದ್ದ. ಪ್ಯಾಂಟಾಗಿದ್ದರೆ ಹೊಲಿಗೆ ಬಿಚ್ಚಿ ಎರಡು ಇಂಚು ಬಿಡಬಹುದಿತ್ತು. ಬಾಗಿಲು ಬಿಚ್ಚಲು ಬಡಗಿಯೇ ಬರಬೇಕು.

ಅಮ್ಮ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡು ನಲವತ್ತು ದಿನವಾಗಿತ್ತು. ಇವತ್ತು ಸಂಜೆ ನಾಲ್ಕಕ್ಕೆ ಆಸ್ಪತ್ರೆಯಿಂದ ಬಿಡುಗಡೆ. ಇನ್ನೆರಡು ತಿಂಗಳು ಅವಳನ್ನು ಎತ್ತಬಾರದು, ಬಗ್ಗಿಸಬಾರದು, ಕೂತಲ್ಲಿಂದಲೇ ತಳ್ಳಿಕೊಂಡು ಒಳಗೆ ಹೋಗಬೇಕು. ಹಿತ್ತಲ ಬಾಗಿಲಿಗೆ ಏಳು ಮೆಟ್ಟಿಲು. ಉಳಿದದ್ದು ಮುಂಬಾಗಿಲು ಒಂದೇ.

ಅಕ್ಕ ಫೋನಿನಲ್ಲಿ ಖಡಾಖಂಡಿತವಾಗಿ ಹೇಳಿದ್ದಳು: "ನೋಡು, ನಿಮ್ಮನೆ ಬಾಗಿಲಲ್ಲಿ ಕುರ್ಚಿ ಹೋಗಲ್ಲ ಅಂದ್ರೆ ಅದೇ ಆಂಬುಲೆನ್ಸಲ್ಲಿ ಸೀದಾ ನಮ್ಮನೆಗೆ ಕರ್ಕೊಂಡು ಹೋಗ್ತೀನಿ. ನಮ್ಮ ಅಪಾರ್ಟ್‌ಮೆಂಟಲ್ಲಿ ಆನೆ ಬಂದ್ರೂ ಲಿಫ್ಟಲ್ಲಿ ಮೇಲೆ ಬರುತ್ತೆ."

ಅಕ್ಕನ ಊರು ಎರಡು ಗಂಟೆಯ ದಾರಿ. ಒಮ್ಮೆ ಅಲ್ಲಿಗೆ ಹೋದರೆ ಅಮ್ಮ ಮತ್ತೆ ಬರುವುದಿಲ್ಲ ಎಂದು ಟೈಲರ್‌ಗೆ ಗೊತ್ತಿತ್ತು. ಬೀದಿಗೆ ಮುಖ ಮಾಡಿದ ಕೋಣೆಯೇ ಅವನ ಅಂಗಡಿ. ಇಪ್ಪತ್ತೈದು ವರ್ಷದಿಂದ ಅಮ್ಮ ಅಲ್ಲಿ ಮೆಷಿನ್ನಿನ ಪಕ್ಕದಲ್ಲಿ ಕೂತು, ಬೀದಿಯವರ ಮೇಲೆಲ್ಲ ಒಂದೊಂದು ಮಾತು ಆಡುತ್ತ ಗುಂಡಿ ಹಾಕಿಕೊಡುತ್ತಿದ್ದಳು. ಈಗ ನಲವತ್ತು ದಿನದಿಂದ ಗುಂಡಿಯಿಲ್ಲದ ಅಂಗಿಗಳು ಗೋಡೆಯ ಮೊಳೆಗಳಲ್ಲಿ ಎದೆ ತೆರೆದುಕೊಂಡು ನೇತಾಡುತ್ತಿದ್ದವು.

ಬಡಗಿ ಒಂಬತ್ತೂಮುಕ್ಕಾಲಿಗೇ ಬಂದ. ಬಾಗಿಲಿನ ಮುಂದೆ ನಿಂತು ಚೌಕಟ್ಟನ್ನು ಮೇಲಿಂದ ಕೆಳಗೆ ನೋಡಿದ. ಎರಡೂ ಕಡೆ ಕೆತ್ತಿದ ಬಳ್ಳಿ, ಬಳ್ಳಿಯಲ್ಲಿ ಹದಿನೇಳು ಹಕ್ಕಿ. ಮುಟ್ಟಿ ಮುಟ್ಟಿ ಹಕ್ಕಿಗಳ ಬೆನ್ನು ಸೋಪಿನ ಹಾಗೆ ನುಣುಪಾಗಿತ್ತು.

"ಇದಕ್ಕೆ ಉಳಿ ಇಡೋಕೆ ಕೈ ಬರಲ್ಲ ಟೈಲರಪ್ಪ," ಎಂದ.

"ಕೈ ಬರಿಸ್ಕೋ. ನಾಲ್ಕು ಗಂಟೆಗೆ ಅಮ್ಮ ಬರ್ತಾರೆ. ಈ ಚೌಕಟ್ಟು ತೆಗೆದ್ರೆ ಎರಡೂ ಕಡೆ ಐದೈದು ಇಂಚು ಸಿಗತ್ತೆ. ಹೊಸದನ್ನ ನಾಳೆ ಕೂರಿಸು."

ಬಡಗಿ ನಿಟ್ಟುಸಿರು ಬಿಟ್ಟು ಉಳಿ ಇಟ್ಟು ಒಂದೇ ಒಂದು ಏಟು ಹಾಕಿದ. ಟಕ್.

ಆ ಬೀದಿಯಲ್ಲಿ ಮಗು ಅತ್ತರೆ ಯಾರೂ ತಿರುಗಿ ನೋಡುವುದಿಲ್ಲ. ಹಳೆಯ ಮರದ ಮೇಲೆ ಉಳಿ ಬಿದ್ದರೆ ಮಾತ್ರ ಹದಿನಾಲ್ಕು ಮನೆಗಳ ಕಿಟಕಿಗಳೂ ಒಟ್ಟಿಗೆ ತೆರೆಯುತ್ತವೆ. ಇದಕ್ಕೆ ಕಾರಣ 'ಹಳೇ ಊರು ಉಳಿಸಿ' ಬಳಗ. ಹೊಸ ಹೊಸ ಕಟ್ಟಡಗಳು ಹಳೇ ಊರನ್ನು ನುಂಗುತ್ತಿದ್ದಾಗ ಬೀದಿಯ ಜನ ತಾವೇ ಸೇರಿ ಕಟ್ಟಿಕೊಂಡದ್ದು. ಈ ಬಳಗ ಕೂಗಾಡುವುದಿಲ್ಲ, ಕೋರ್ಟಿಗೆ ಹೋಗುವುದಿಲ್ಲ. ಯಾರಾದರೂ ಹಳೆಯದನ್ನು ಒಡೆಯಲು ಹೊರಟರೆ ಆ ಮನೆಯ ಹೊಸ್ತಿಲ ಮೇಲೆ ಬಂದು ಕೂರುತ್ತದೆ, ಅಷ್ಟೆ. ಎರಡೆರಡು ಗಂಟೆಯ ಪಾಳಿ. ಒಬ್ಬರು ಎದ್ದರೆ ಇನ್ನೊಬ್ಬರು. ಕೂತವರನ್ನು ದಾಟಿಕೊಂಡು ಉಳಿ ಎತ್ತಲು ಯಾವ ಬಡಗಿಗೂ ಮನಸ್ಸು ಬರುವುದಿಲ್ಲ. ಹೀಗೆ ಏಳು ವರ್ಷದಲ್ಲಿ ಆರು ಬಾಗಿಲು, ಮೂರು ಗೋಡೆ ಮತ್ತು ಒಂದು ಬಾವಿಕಟ್ಟೆ ಉಳಿದಿದ್ದವು.

ಉಳಿಸಿದವರಲ್ಲಿ ಟೈಲರ್ ಕೂಡ ಒಬ್ಬ. ಬಳಗದ ಬ್ಯಾನರನ್ನು ಹೊಲಿದುಕೊಟ್ಟವನೇ ಅವನು.

ಟಕ್ ಎಂದ ಏಳು ನಿಮಿಷಕ್ಕೆ ಬಳಗದ ಕಾರ್ಯದರ್ಶಿ ಡಾಕ್ಟರಮ್ಮ ಬಂದರು. ಹಲ್ಲಿನ ಡಾಕ್ಟರು. ಬಾಯಿ ತೆರೆದಿದ್ದ ರೋಗಿಯೊಬ್ಬನಿಗೆ "ಹಾಗೇ ಇರಿ, ಬಂದೆ" ಎಂದು ಹೇಳಿ ಕೈಗವಸಿನಲ್ಲೇ ಓಡಿಬಂದಿದ್ದರು.

"ಟೈಲರಪ್ಪ! ನೀವಾ?"

"ಅದು ಡಾಕ್ಟರಮ್ಮ, ಅಮ್ಮನ ಕುರ್ಚಿ ಮೂವತ್ತು ಇಂಚು..."

"ಕಾರಣ ಎಲ್ಲರ ಹತ್ರಾನೂ ಇರುತ್ತೆ. ಕಾರಣ ಇಲ್ದೆ ಯಾರು ಒಡೀತಾರೆ? ಇದು ನೀವೇ ಹೇಳ್ತಿದ್ದ ಮಾತು." ಅವರು ಜೇಬಿನಿಂದ ಪಾಳಿಪಟ್ಟಿ ತೆಗೆದರು. ಪಟ್ಟಿಯನ್ನು ಅವರು ತಮ್ಮ ಕ್ಲಿನಿಕ್ಕಿನ ಚೀಟಿಗಳ ಹಿಂಬದಿಯಲ್ಲಿ ಬರೆಯುತ್ತಿದ್ದರು. ಪ್ರತಿ ಚೀಟಿಯಲ್ಲೂ ಒಂದು ದವಡೆ ಹಲ್ಲು ನಗುತ್ತಿತ್ತು. "ಗುರುವಾರ, ಹತ್ತರಿಂದ ಹನ್ನೆರಡು. ಯಾರದು? ಓ."

"ಯಾರದು?"

"ನಿಮ್ಮದೇ."

ಟೈಲರ್ ಚೀಟಿಯನ್ನು ನೋಡಿದ. ಹಲ್ಲು ಅವನನ್ನು ನೋಡಿತು.

"ನನ್ನ ಬಾಗಿಲಲ್ಲಿ, ನನ್ನ ವಿರುದ್ಧ, ನಾನೇ ಹೇಗೆ ಕೂರೋದು ಡಾಕ್ಟರಮ್ಮ?"

"ನನ್ನ ಸ್ವಂತ ತಮ್ಮನ ಗೋಡೆ ಮುಂದೆ ನಾನು ಕೂತಿಲ್ವಾ? ಅವನು ಇವತ್ತಿಗೂ ನನ್ನ ಹತ್ರ ಹಲ್ಲು ತೋರಿಸಲ್ಲ. ಪಾಳಿ ಅಂದ್ರೆ ಪಾಳಿ. ಆಗಲ್ಲ ಅಂದ್ರೆ ಈಗ್ಲೇ ಹೇಳಿ, ಬಳಗದಿಂದ ಹೆಸರು ತೆಗೀತೀನಿ."

ಆಗಲ್ಲ ಎಂದು ಹೇಳಬಹುದಿತ್ತು. ಆದರೆ ಆಗಲ್ಲ ಎನ್ನುವ ಮಾತನ್ನು ಟೈಲರ್ ಗಿರಾಕಿಗಳಿಗೇ ಹೇಳಿದವನಲ್ಲ. ನಾಳೆ ಕೊಡ್ತೀನಿ ಎನ್ನುವುದೇ ಅವನಿಗೆ ಗೊತ್ತಿದ್ದ ಗಟ್ಟಿಯಾದ ನಿರಾಕರಣೆ. ಎರಡು ಗಂಟೆ ತಾನೇ, ಹನ್ನೆರಡರಿಂದ ನಾಲ್ಕು ಇದ್ದೇ ಇದೆಯಲ್ಲ ಎಂದುಕೊಂಡು ತನ್ನ ಹೊಸ್ತಿಲ ಮೇಲೆ ತಾನೇ ಕೂತ. ಡಾಕ್ಟರಮ್ಮ ಅವನ ತಲೆಯ ಮೇಲೆ ಚೌಕಟ್ಟಿಗೆ ಬ್ಯಾನರು ಕಟ್ಟಿ, ತೆರೆದ ಬಾಯಿಯ ಕಡೆಗೆ ವಾಪಸು ಓಡಿದರು.

ಬಡಗಿ ತಲೆ ಕೆರೆದುಕೊಂಡ. "ಟೈಲರಪ್ಪ, ಕೆಲಸ ಕೊಟ್ಟವರೂ ನೀವೇ, ತಡೀತಿರೋರೂ ನೀವೇ. ನಾನು ಯಾರ ಮಾತು ಕೇಳ್ಲಿ?"

"ಹನ್ನೆರಡರ ತನಕ ಈ ಟೈಲರ್ ಮಾತು ಕೇಳು. ಆಮೇಲೆ ಆ ಟೈಲರ್ ಮಾತು."

ಒಳಗಿನಿಂದ ಹೆಂಡತಿ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಏನ್ರೀ ಇದು? ಯಾರ ವಿರುದ್ಧ ಕೂತಿದ್ದೀರಿ?"

"ನನ್ನ ವಿರುದ್ಧ."

"ಗೆಲ್ಲೋ ಹಾಗಿದೆಯಾ?"

"ಗೊತ್ತಿಲ್ಲ ಕಣೆ."

"ಯಾರು ಗೆದ್ರೂ ಸೋಲೋದು ನೀವೇ. ಅದೊಂದು ನಂಗೆ ಗೊತ್ತು." ಅವಳು ಒಳಗೆ ಹೋಗಿ ಅತ್ತೆಯ ಹಾಸಿಗೆಯ ಚಾದರವನ್ನು ಮೂರನೇ ಸಲ ಕೊಡವಿದಳು.

ಹತ್ತೂವರೆಗೆ ಗಿರಾಕಿಯೊಬ್ಬ ಬಂದು ಪ್ಯಾಂಟು ಕೇಳಿದ. "ಪ್ಯಾಂಟು ರೆಡಿ ಇದೆ ಸ್ವಾಮಿ, ಆದ್ರೆ ಒಳಗೆ ಹೋಗೋಕೆ ನಾನು ಬಿಡಲ್ಲ" ಎಂದ ಟೈಲರ್. "ಯಾರನ್ನ?" "ನನ್ನನ್ನ." ಗಿರಾಕಿ ಎರಡು ಹೆಜ್ಜೆ ಹಿಂದೆ ಸರಿದು, ಇನ್ನೊಂದು ದಿನ ಬರುವುದಾಗಿ ಹೇಳಿ ಹೋದ.

ಎದುರುಮನೆ ವಾಚ್ ರಿಪೇರಿಯವರದು. ಬೀದಿಯಲ್ಲಿ ಎಲ್ಲರೂ ಅವರನ್ನು ವಾಚಣ್ಣ ಎನ್ನುತ್ತಿದ್ದರು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡೇ ಅವರು ಬೀದಿ ದಾಟಿ ಬಂದು ಟೈಲರ್‌ಗೆ ಒಂದು ಲೋಟ ಚಹಾ ಕೊಟ್ಟರು.

"ಕುಡೀರಿ. ಕಲ್ಲಿನ ಮೇಲೆ ಕೂತ್ರೆ ಶೀತ ಆಗತ್ತೆ. ನೀವು ನನ್ನ ಮನೆ ಮುಂದೆ ಕೂತಾಗ್ಲೂ ಸೀನ್ತಿದ್ರಿ."

ಟೈಲರ್ ಲೋಟವನ್ನು ಹೊಸ್ತಿಲ ಮೇಲೆ ಇಟ್ಟ. ಎರಡು ವರ್ಷದ ಹಿಂದೆ ವಾಚಣ್ಣ ತಮ್ಮ ಕತ್ತಲು ಅಂಗಡಿಯ ಗೋಡೆಯಲ್ಲಿ ಒಂದು ಕಿಟಕಿ ತೆಗೆಯಲು ಹೊರಟಿದ್ದರು. ಬಳಗ ಒಂಬತ್ತು ದಿನ ಕೂತಿತು. ಹತ್ತನೆಯ ದಿನ ಅವರು ಕಿಟಕಿಯ ಆಸೆ ಬಿಟ್ಟರು. ಈಗ ಹಗಲೂ ಎರಡು ದೀಪ ಹಚ್ಚಿಕೊಂಡು ಮುಳ್ಳು ಹುಡುಕುತ್ತಿದ್ದರು.

"ಆಗ ನೀವೊಂದು ಮಾತು ಹೇಳಿದ್ರಿ," ಎಂದರು ವಾಚಣ್ಣ, ಮೆತ್ತಗೆ. "'ಇನ್ನೂರು ವರ್ಷದ ಗೋಡೆ ವಾಚಣ್ಣ, ನಿಮ್ಮ ಎರಡು ಕಣ್ಣಿಗೋಸ್ಕರ ಒಡೀತೀರಾ' ಅಂತ. ಚೆನ್ನಾಗಿ ಹೇಳಿದ್ರಿ. ನಂಗೆ ಉತ್ತರಾನೇ ಹೊಳೀಲಿಲ್ಲ."

"ವಾಚಣ್ಣ, ಅದು ಆಗ..."

"ಇವತ್ತಿಗೂ ಹೊಳೆದಿಲ್ಲ. ಲೋಟ ಆಮೇಲೆ ಕೊಡಿ." ಅವರು ಬೀದಿ ದಾಟಿ ಕತ್ತಲೆಯೊಳಗೆ ಹೋದರು.

ಬೈದಿದ್ದರೆ ಚೆನ್ನಾಗಿತ್ತು ಎನಿಸಿತು ಟೈಲರ್‌ಗೆ. ಬೈಗುಳಕ್ಕೆ ಬೈಗುಳ ಕೊಡಬಹುದು. ಚಹಾಕ್ಕೆ ಏನು ಕೊಡುವುದು?

ಹನ್ನೆರಡಕ್ಕೆ ಸರಿಯಾಗಿ ಮುಂದಿನ ಪಾಳಿಗೆ ಮೇಷ್ಟ್ರು ಬಂದರು. ಬಳಗದ ಅಧ್ಯಕ್ಷರು, ಇತಿಹಾಸ ಪಾಠ ಮಾಡಿ ನಿವೃತ್ತರಾದವರು. ಕೈಯಲ್ಲಿ ಕೊಡೆ, ಕಂಕುಳಲ್ಲಿ ದಿಂಬು, ಹೆಗಲ ಚೀಲದಲ್ಲಿ ಬೀದಿಯ ದಾಖಲೆ ಪುಸ್ತಕ. ಹದಿನಾಲ್ಕು ಮನೆಗಳ ಒಂದೊಂದು ಕಂಬ, ಒಂದೊಂದು ಕಲ್ಲು ಅದರಲ್ಲಿ ಅವರ ಮುತ್ತಿನಂಥ ಅಕ್ಷರದಲ್ಲಿತ್ತು. ವರ್ಷಕ್ಕೊಮ್ಮೆ ಅದರ ಪ್ರತಿ ಸರ್ಕಾರದ ಪುರಾತತ್ವ ಕಚೇರಿಗೆ ಹೋಗುತ್ತಿತ್ತು. ಆ ಕಚೇರಿಯ ಹಳೇ ಬೀದಿಗಳ ಪಟ್ಟಿಯಲ್ಲಿ ಇರುವ ತನಕ ಹೊಸ ಕಟ್ಟಡ ಕಟ್ಟುವವರು ಯಾರೂ ಬೀದಿಯನ್ನು ಮುಟ್ಟುವಂತಿರಲಿಲ್ಲ.

ಟೈಲರ್ ಎದ್ದು, ಕೈ ಮುಗಿದು, ಎಲ್ಲ ಹೇಳಿದ. ಮೇಷ್ಟ್ರು ಪೂರ್ತಿ ಕೇಳಿದರು. ಕಣ್ಣು ಒದ್ದೆ ಮಾಡಿಕೊಂಡರು. ಆಮೇಲೆ ದಿಂಬು ಹಾಕಿಕೊಂಡು ಹೊಸ್ತಿಲ ಮೇಲೆ ಕೂತರು.

"ಕಷ್ಟ ಕಣಪ್ಪ. ನಿಜವಾದ ಕಷ್ಟ. ತುರ್ತು ಸಭೆ ಕರೆಯೋಣ."

"ಯಾವಾಗ ಮೇಷ್ಟ್ರೇ?"

"ಭಾನುವಾರ."

"ಅಮ್ಮ ಇವತ್ತು ನಾಲ್ಕಕ್ಕೆ ಬರ್ತಾರೆ!"

"ಕಿಟಕಿಯಿಂದ ಆಗಲ್ವಾ?"

"ಮೇಷ್ಟ್ರೇ, ಅಮ್ಮ ಪಾರ್ಸೆಲ್ ಅಲ್ಲ."

"ಅಲ್ಲ, ಅಲ್ಲ. ತಪ್ಪಾಯ್ತು." ಮೇಷ್ಟ್ರು ಕೈಯೆತ್ತಿ ಕೆಳಗಿನ ಹಕ್ಕಿಯೊಂದನ್ನು ಸವರಿದರು. "ಇದನ್ನ ನೋಡು. ಹದಿನಾರು ಹಕ್ಕಿಗೆ ಕಣ್ಣಿದೆ, ಇದೊಂದಕ್ಕಿಲ್ಲ. ಇದರ ಮೇಲೆ ಮೂರು ಪುಟ ಬರ್ದಿದ್ದೀನಿ. ಕೆತ್ತಿದವನು ಕಣ್ಣು ಕೊರೆಯೋಕೆ ಮುಂಚೆ ಎದ್ದು ಹೋಗಿದ್ದಾನೆ. ಎಲ್ಲಿಗೆ ಹೋದ? ಯಾಕೆ ಹೋದ? ಇನ್ನೂರು ವರ್ಷದಿಂದ ಇದು ಅವನನ್ನ ಕಾಯ್ತಾ ಇದೆ."

ಒಂದೂವರೆಗೆ ಅಕ್ಕನ ಫೋನು ಬಂತು. "ಬಾಗಿಲು ಆಯ್ತಾ? ಅಮ್ಮ ಆಗ್ಲೇ ಚಪ್ಪಲಿ ಹಾಕ್ಕೊಂಡು ಕೂತಿದ್ದಾರೆ. ಬರೀ ನಿನ್ನದೇ ಮಾತು. ಅಂಗಿಗಳೆಲ್ಲ ಹಾಗೇ ಇರ್ಬೇಕು, ಪಾಪ, ಅಂತಿದ್ದಾರೆ. ಆಗಿಲ್ಲ ಅಂದ್ರೆ ಈಗ್ಲೇ ಹೇಳ್ಬಿಡು. ಅಲ್ಲಿ ತನಕ ಕರ್ಕೊಂಡು ಬಂದು ಬೀದೀಲಿ ನಿಲ್ಸಬೇಡ."

"ಆಗ್ತಾ ಇದೆ ಅಕ್ಕ," ಎಂದ ಟೈಲರ್. ಫೋನು ಇಟ್ಟ. ಮೇಷ್ಟ್ರ ಬೋಳುತಲೆಯನ್ನು ನೋಡಿದ. ಗೋಡೆಯ ಗಡಿಯಾರ ನೋಡಿದ. ಬಾಯಿ ತಾನಾಗಿಯೇ ತೆರೆಯಿತು.

"ಮೇಷ್ಟ್ರೇ. ಒಂದು ನಿಜ ಹೇಳ್ಬೇಕು. ಈ ಬಾಗಿಲು ಹಳೇದಲ್ಲ."

ಬಡಗಿ ಉಳಿಯನ್ನು ಕೆಳಗಿಟ್ಟ.

"ಅಪ್ಪ ಮಾಡಿಸಿದ್ದು. ನಾನು ಆಗ ಚಿಕ್ಕವನು. ಹಳೇದರ ಹಾಗೆ ಕಾಣ್ಲಿ ಅಂತ ಎಣ್ಣೆ ಹಚ್ಚಿ, ಹೊಗೆ ಹಿಡಿಸಿ... ನಾನೇ ಪಕ್ಕದಲ್ಲಿ ಬಟ್ಟೆ ಹಿಡ್ಕೊಂಡು ನಿಂತಿದ್ದೆ."

ಅವನ ಅಪ್ಪ ಜೀವಮಾನದಲ್ಲಿ ಒಂದು ಸ್ಟೂಲನ್ನೂ ಮಾಡಿಸಿದವರಲ್ಲ. ಆ ಬಾಗಿಲಿನಲ್ಲಿ ಅಪ್ಪನ ಅಜ್ಜಿಯೂ ತೆವಳಿದ್ದಳು. ಆದರೆ ಸುಳ್ಳು ಒಮ್ಮೆ ಹೊರಬಂದ ಮೇಲೆ ಚೆನ್ನಾಗಿ ಇಸ್ತ್ರಿ ಮಾಡಿದ ಕೋಟಿನ ಹಾಗೆ ತಾನೇ ನೆಟ್ಟಗೆ ನಿಂತಿತು.

"ಹಾಗಾದ್ರೆ ಈ ಕಣ್ಣು?" ಎಂದರು ಮೇಷ್ಟ್ರು.

ಟೈಲರ್ ಬೆವರಿದ. ನಾಲಿಗೆ ಮೂರು ಸಲ ತಡವರಿಸಿತು. "ಕೆತ್ತೋನಿಗೆ... ಅವತ್ತು... ಊಟಕ್ಕೆ ಹೊತ್ತಾಗಿತ್ತು ಮೇಷ್ಟ್ರೇ. ಆಮೇಲೆ ಮರೆತ."

ಮೇಷ್ಟ್ರು ಆ ಹಕ್ಕಿಯನ್ನು ಇನ್ನೊಮ್ಮೆ ಸವರಿದರು. ನಂತರ ದಾಖಲೆ ಪುಸ್ತಕ ತೆಗೆದು, ಮೂರು ಪುಟ ಹುಡುಕಿ, ಒಂದೊಂದಾಗಿ ಅಡ್ಡಗೆರೆ ಎಳೆದರು. ಅಡಿಪಟ್ಟಿ ಇಟ್ಟು ಎಳೆದರು, ಗೆರೆ ಸೊಟ್ಟ ಆಗದ ಹಾಗೆ. ಎದ್ದು ದಿಂಬು ಕೊಡವಿಕೊಂಡರು.

"ನಕಲಿಗೆ ಬಳಗ ಕೂರಲ್ಲ," ಎಂದರು. "ನೀನು ಕೆಲಸ ಮಾಡಪ್ಪ."

ಬೀದಿ ತಿರುವಿನ ತನಕ ಅವರು ಕೊಡೆ ಬಿಚ್ಚದೆ ಬಿಸಿಲಿನಲ್ಲೇ ಹೋದರು. ಎದುರು ಅಂಗಡಿಯ ಕತ್ತಲಲ್ಲಿ ಒಂದು ಭೂತಗನ್ನಡಿ ಫಳ್ ಎಂದು ಹೊಳೆಯಿತು.

ಚೌಕಟ್ಟು ಸುಲಭವಾಗಿ ಬರಲಿಲ್ಲ. ಹಾರೆ ಹಾಕಿದಾಗ ಗೋಡೆಯೊಳಗಿನಿಂದ ಮುದುಕನ ಕೆಮ್ಮಿನಂಥ ಸದ್ದು ಬಂತು. ಮೂರು ಗಂಟೆಗೆ ಎಡಗಂಬ ಮೂರು ತುಂಡಾಯಿತು. ಮೂರೂವರೆಗೆ ಮೇಲಿನ ತೊಲೆ ಬಿದ್ದು ಎರಡಾಯಿತು. ಒಳಗೆ ಗೆದ್ದಲು ತಿಂದು ಹಿಟ್ಟಾಗಿತ್ತು. ಕೆತ್ತನೆಯ ತೊಗಲೊಂದೇ ಅಷ್ಟು ವರ್ಷ ನಿಂತುಕೊಂಡಿತ್ತು. ಬಡಗಿ ಹಕ್ಕಿಗಳನ್ನು ಗೋಣಿಯಲ್ಲಿ ತುಂಬಿಟ್ಟ.

ನಾಲ್ಕೂವರೆಗೆ ಆಂಬುಲೆನ್ಸು ಬಂತು. ಅಮ್ಮ ಕುರ್ಚಿಯಲ್ಲಿ ಚಿಕ್ಕದಾಗಿ ಕೂತಿದ್ದಳು. ಅಕ್ಕ ಹಿಂದಿನಿಂದ ತಳ್ಳಿದಳು. ಕುರ್ಚಿ ಬಾಗಿಲಿದ್ದ ಜಾಗದಲ್ಲಿ ಸುಮ್ಮನೆ ಒಳಗೆ ಹೋಯಿತು. ಎರಡೂ ಕಡೆ ಒಂದೊಂದು ಬೆಕ್ಕು ಮಲಗುವಷ್ಟು ಜಾಗ ಉಳಿಯಿತು.

ಬಡಗಿ ಹುಬ್ಬು ಗಂಟು ಹಾಕಿ, ತನ್ನ ಟೇಪು ತೆಗೆದು ಕುರ್ಚಿಯನ್ನು ಅಳೆದ. ಮತ್ತೊಮ್ಮೆ ಅಳೆದ.

"ಟೈಲರಪ್ಪ, ಇದು ಇಪ್ಪತ್ತಾರೇ ಇಂಚು."

"ಇರಲಾರದು. ನಾನೇ ಅಳೆದು ಬರ್ದಿದ್ದೀನಿ." ಅವನು ಅಳತೆ ಪುಸ್ತಕ ತೆರೆದ. ಕೋಟು, ಕುರ್ಚಿ, ಪ್ಯಾಂಟು. ಕುರ್ಚಿ ಮೂವತ್ತು. ಅವನೇ ಬರೆದದ್ದು. ಇಪ್ಪತ್ತೈದು ವರ್ಷದಿಂದ ಬರೆಯುವ ಹಾಗೆಯೇ ಬರೆದಿದ್ದ: ಮೈಯ ಅಳತೆ ತೆಗೆದು, ಉಸಿರಾಡಲು ಇರಲಿ ಎಂದು ಆ ಕಡೆ ಎರಡು ಇಂಚು ಈ ಕಡೆ ಎರಡು ಇಂಚು ಮನಸ್ಸಿನಲ್ಲೇ ಕೂಡಿಸಿ.

"ಕುರ್ಚಿಗೆ ಸಡಿಲ ಬಿಟ್ರಾ?" ಎಂದ ಬಡಗಿ. "ಅದಕ್ಕೇನು ಉಸಿರು ಕಟ್ಟುತ್ತಾ? ಹಳೇ ಬಾಗಿಲಲ್ಲೇ ಹೋಗ್ತಿತ್ತಲ್ರೀ! ಹೊಸ್ತಿಲಿಗೆ ಒಂದು ಹಲಗೆ ಇಟ್ಟಿದ್ರೆ ಸಾಕಿತ್ತು."

ಹೆಂಡತಿ ಒಳಗೆ ಹೋಗಿ ಚಾದರವನ್ನು ನಾಲ್ಕನೇ ಸಲ ಕೊಡವಿದಳು. ಸದ್ದು ಬೀದಿಗೇ ಕೇಳಿಸಿತು.

"ಹೋಗ್ಲಿ ಬಿಡೋ," ಎಂದಳು ಅಮ್ಮ. "ಗಾಳಿ ಚೆನ್ನಾಗಿ ಬರತ್ತೆ. ದಾರ ಎಲ್ಲಿ? ಆ ನೀಲಿ ಅಂಗಿ ಕೊಡು ಇಲ್ಲಿ." ಅವಳು ಸೂಜಿಯನ್ನು ಬೆಳಕಿಗೆ ಹಿಡಿದಳು. ಟೈಲರ್‌ಗೆ ಒಂದು ಕ್ಷಣ ಎಲ್ಲ ಸರಿಹೋಯಿತು ಎನಿಸಿತು. ಬಾಗಿಲು ಹೋದರೆ ಹೋಗಲಿ.

ಮೊದಲ ಗುಂಡಿಗೆ ದಾರ ಪೋಣಿಸುವಷ್ಟರಲ್ಲಿ ಎದುರಿನಿಂದ ಧಡ್ ಎಂದು ಸದ್ದು ಬಂತು. ವಾಚಣ್ಣ ಸ್ವತಃ ಸುತ್ತಿಗೆ ಎತ್ತಿದ್ದರು. ಗೋಡೆಯಲ್ಲಿ ಮುಷ್ಟಿಯಷ್ಟು ಬೆಳಕು ಬಿದ್ದಿತ್ತು.

"ವಾಚಣ್ಣ, ಏನ್ರೀ ಇದು!"

"ನಿಮ್ಮ ಹಾಗೇ ಟೈಲರಪ್ಪ!" ಅವರು ಆ ತೂತಿನಿಂದಲೇ ಕೂಗಿದರು. "ನನ್ನ ಗೋಡೇನೂ ನಕಲಿಯಂತೆ. ಅಪ್ಪ ಕಟ್ಟಿಸಿದ್ದಂತೆ. ಈಗ ನೆನಪಾಯ್ತು. ಮೇಷ್ಟ್ರಿಗೆ ಹೇಳಿ ಬಂದೆ!"

ಐದು ನಿಮಿಷಕ್ಕೆ ಪಕ್ಕದ ಮನೆಯವರಿಗೂ ನೆನಪಾಯಿತು. ಅವರಿಗೆ ಬಹಳ ದಿನದಿಂದ ಕಾರು ನಿಲ್ಲಿಸಲು ಜಾಗ ಬೇಕಿತ್ತು. ಮೂಲೆಮನೆಯವರಿಗೆ ಶಟರು ಬೇಕಿತ್ತು. ಅದರಾಚೆಯವರಿಗೆ ಏನು ಬೇಕಿತ್ತೋ ಗೊತ್ತಿರಲಿಲ್ಲ, ಆದರೆ ಮತ್ತೆ ಇಂಥ ಅವಕಾಶ ಸಿಗಲಾರದು ಎಂದು ಅವರೂ ಹಾರೆ ತಂದರು. ಒಂದೇ ಸಂಜೆಯಲ್ಲಿ ಇಡೀ ಬೀದಿಯ ಸತ್ತ ಅಪ್ಪಂದಿರೆಲ್ಲ ಬಾಗಿಲು ಮಾಡಿಸಿದರು, ಕಂಬ ಕೆತ್ತಿಸಿದರು, ಎಣ್ಣೆ ಹಚ್ಚಿ ಹೊಗೆ ಹಿಡಿಸಿದರು. ತಾವು ಬಟ್ಟೆ ಹಿಡಿದುಕೊಂಡು ಪಕ್ಕದಲ್ಲಿ ನಿಂತಿದ್ದೆವು ಎಂದು ಮಕ್ಕಳೆಲ್ಲ ಮೇಷ್ಟ್ರ ಮನೆಗೆ ಹೋಗಿ ಹೇಳಿ ಬಂದರು.

ಬೀದಿಯಲ್ಲಿ ಕೆಂಪು ಧೂಳು ಎದ್ದಿತು. ಮುಚ್ಚಲು ಬಾಗಿಲಿರಲಿಲ್ಲ. ಅದು ನೇರವಾಗಿ ಒಳಗೆ ಬಂದು ಮೆಷಿನ್ನಿನ ಮೇಲೆ, ಹಾಸಿಗೆಯ ಮೇಲೆ, ನೀಲಿ ಅಂಗಿಯ ಮೇಲೆ ಕೂತಿತು. ಅಮ್ಮ ಕೆಮ್ಮಿದಳು. ಕೆಮ್ಮಿದಾಗ ಸೊಂಟ ಹಿಡಿದುಕೊಂಡಳು.

"ಸಾಕು," ಎಂದಳು ಅಕ್ಕ. "ಈ ಧೂಳಲ್ಲಿ, ಈ ಸದ್ದಲ್ಲಿ, ಬಾಗಿಲೇ ಇಲ್ಲದ ಮನೇಲಿ ಅಮ್ಮನ್ನ ಬಿಟ್ಟು ಹೋಗಲಾ? ಡ್ರೈವರ್, ಗಾಡಿ ತಿರುಗಿಸಪ್ಪ."

"ನಾಳೆ ಬಾಗಿಲು ಹಾಕಿಸ್ತೀನಿ ಅಕ್ಕ."

"ನಿನ್ನ ನಾಳೆ ನಂಗೆ ಗೊತ್ತಿಲ್ವಾ?"

ಅಮ್ಮ ಅಂಗಿಯನ್ನು ಮಡಿಲಲ್ಲೇ ಇಟ್ಟುಕೊಂಡಿದ್ದಳು. "ಇದನ್ನ ಅಲ್ಲೇ ಹಾಕಿ ಕಳಿಸ್ತೀನಿ," ಎಂದಳು. "ಗಿರಾಕಿ ಬಂದ್ರೆ ಎರಡು ದಿನ ತಡ ಅಂತ ಹೇಳು." ಕುರ್ಚಿ ಎಲ್ಲೂ ತಾಗದೆ, ಬಂದಷ್ಟೇ ಸಲೀಸಾಗಿ ಹೊರಗೆ ಹೋಯಿತು.

ಆಂಬುಲೆನ್ಸು ತಿರುವು ದಾಟಿದ ಮೇಲೆ ಟೈಲರ್ ನೇರವಾಗಿ ತಿರುವಿನಾಚೆಯ ಮೇಷ್ಟ್ರ ಮನೆಗೆ ನಡೆದ. ಇನ್ನು ಕಳೆದುಕೊಳ್ಳಲು ಏನೂ ಉಳಿದಿರಲಿಲ್ಲ, ನಿಜವನ್ನಾದರೂ ಹೇಳಬಹುದಿತ್ತು. ಮೇಷ್ಟ್ರು ಜಗುಲಿಯಲ್ಲಿ ಕೂತಿದ್ದರು. ಕಾಲ ಬಳಿ ದಾಖಲೆ ಪುಸ್ತಕ ತೆರೆದು ಬಿದ್ದಿತ್ತು. ಪುಟದ ಮೇಲೆ ಪುಟ, ಅಡಿಪಟ್ಟಿ ಇಟ್ಟು ಎಳೆದ ಗೆರೆಗಳು.

"ಮೇಷ್ಟ್ರೇ, ನಾನು ಸುಳ್ಳು ಹೇಳ್ದೆ. ನನ್ನ ಬಾಗಿಲು ನಿಜವಾಗ್ಲೂ ಹಳೇದು. ಅಪ್ಪ ಏನೂ ಮಾಡಿಸಿರ್ಲಿಲ್ಲ. ನೀವು ಆ ಕಣ್ಣಿನ ಬಗ್ಗೆ ಬರೆದದ್ದೆಲ್ಲ ನಿಜ ಇರಬೇಕು. ಕುರ್ಚಿಗೋಸ್ಕರ ಸುಳ್ಳು ಹೇಳ್ದೆ."

ಮೇಷ್ಟ್ರು ಅವನನ್ನು ಬಹಳ ಪ್ರೀತಿಯಿಂದ ನೋಡಿದರು.

"ಕೂತ್ಕೋ. ನೀನು ಒಳ್ಳೆಯವನು ಕಣಪ್ಪ. ನನ್ನ ಸಮಾಧಾನಕ್ಕೆ ಹೀಗೆ ಹೇಳ್ತೀಯ."

"ಇಲ್ಲ ಮೇಷ್ಟ್ರೇ, ಆಣೆ ಮಾಡಿ ಹೇಳ್ತೀನಿ."

"ಬೇಡ. ಮಧ್ಯಾಹ್ನ ನಿಜ ಹೇಳೋಕೆ ನೀನೆಷ್ಟು ಒದ್ದಾಡಿದೆ ಅಂತ ನಾನು ಕಣ್ಣಾರೆ ನೋಡಿದ್ದೀನಿ. ಬೆವರಿದೆ, ತಡವರಿಸಿದೆ. ಸುಳ್ಳು ಹೇಳೋರು ಹಾಗಿರಲ್ಲ. ಸಂಜೆ ಹದಿಮೂರು ಜನ ಬಂದ್ರಲ್ಲ, ಒಬ್ಬನ ನಾಲಿಗೇನೂ ತಡವರಿಸ್ಲಿಲ್ಲ. ನಲವತ್ತು ವರ್ಷ ಮಕ್ಕಳ ಮುಖ ನೋಡಿದವನು ನಾನು. ಅವರೆಲ್ಲ ಸುಳ್ಳು ಅಂತ ಗೊತ್ತು. ಆದ್ರೆ ನಿನ್ನೊಬ್ಬನ ಮಾತು ಒಪ್ಪಿಕೊಂಡು ಅವರದ್ದನ್ನ ಹೇಗೆ ಬೇಡ ಅನ್ಲಿ?"

"ಅದಕ್ಕೇ ಹೇಳ್ತಿದ್ದೀನಿ, ನನ್ನ ಮಾತನ್ನೂ ಒಪ್ಕೋಬೇಡಿ!"

"ನೋಡಿದ್ಯಾ? ಇಂಥ ಮಾತು ಯಾರು ಆಡ್ತಾರೆ." ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. "ನಾನು ಇನ್ನು ಅಧ್ಯಕ್ಷನಾಗಿರಲ್ಲ. ಬಳಗದಲ್ಲಿ ನಿಜ ಹೇಳಿದವನು ನೀನೊಬ್ಬನೇ, ನೀನೇ ಅಧ್ಯಕ್ಷ. ಡಾಕ್ಟರಮ್ಮನೂ ಒಪ್ಪಿದ್ದಾರೆ. ಆದ್ರೆ ಮೊದಲು ಇದೊಂದು ಕೆಲಸ."

ಅವರು ಒಂದು ಹಾಳೆಯನ್ನು ಮುಂದಕ್ಕೆ ಸರಿಸಿದರು. ಕಚೇರಿಗೆ ಬರೆದ ಪತ್ರ. ಬೀದಿಯ ಹದಿನಾಲ್ಕು ಮನೆಗಳನ್ನೂ ಬಳಗ ಪರಿಶೀಲಿಸಿದೆ, ಹಳೆಯದೆಂದು ಹೇಳುವಂಥದ್ದು ಯಾವುದೂ ಇಲ್ಲ, ಆದ್ದರಿಂದ ಪಟ್ಟಿಯಿಂದ ಬೀದಿಯನ್ನು ಕೈಬಿಡಬಹುದು. ಅಕ್ಷರ ಅದೇ, ಮುತ್ತಿನಂಥದ್ದು. ಕೆಳಗೆ ಅಧ್ಯಕ್ಷರ ಸಹಿಗೆ ಜಾಗ ಖಾಲಿ ಇತ್ತು.

"ಈಗ ಅಧ್ಯಕ್ಷ ನೀನು," ಎಂದರು ಮೇಷ್ಟ್ರು. "ನೀನು ಹಾಕು. ನಿನ್ನ ಸಹಿ ಇದ್ರೆ ಯಾರೂ ಅನುಮಾನ ಪಡಲ್ಲ."

ಟೈಲರ್ ಪೆನ್ನು ಹಿಡಿದು ಕೂತ. ಆಗಲ್ಲ ಎಂದು ಹೇಳಬೇಕಿತ್ತು. ನಾಳೆ ಹಾಕ್ತೀನಿ ಎಂದ. "ನಾಳೆ ಯಾಕಪ್ಪ, ಇವತ್ತೇ ಮುಗಿಸಿಬಿಡು, ನೋಡೋಕಾಗಲ್ಲ" ಎಂದು ಮೇಷ್ಟ್ರು ಮುಖ ತಿರುಗಿಸಿಕೊಂಡರು. ಬೀದಿಯ ಆ ತುದಿಯಲ್ಲಿ ಯಾರದೋ ಕಂಬ ಬಿತ್ತು. ಅವನು ಸಹಿ ಹಾಕಿದ. ಒಣಗಲೆಂದು ಊದಬೇಕಾಗಲಿಲ್ಲ. ಧೂಳು ತಾನೇ ಬಂದು ಒದ್ದೆ ಶಾಯಿಯ ಮೇಲೆ ಕೂತಿತು.